ಚುಕ್ಕೆಯಿಲ್ಲದ ಬೆಸುಗೆ

ಮುದ್ದೇನಹಳ್ಳಿ ಬಳಿಯ ನಮ್ಮ ಶೆಡ್ಡಿನಲ್ಲಿ ವರ್ಷಗಳಿಂದ ಬಿದ್ದಿದ್ದ ನನ್ನ ರೇಸ್ ಕಾರನ್ನು ಕಳೆದ ವಾರ ಗುಜರಿಯವರು ಗ್ಯಾಸ್ ಕಟರಿನಿಂದ ತುಂಡು ಮಾಡಿದರು. ಸುಟ್ಟ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ, ಶಿಡ್ಲಘಟ್ಟದ ವೆಲ್ಡಿಂಗ್ ಭಾಯ್ ನೆನಪಾದರು...

ರೇಷ್ಮೆಹುಳು ಸಾಕುವ ಮನೆಗಳಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಡುತ್ತಿದ್ದವರು ಅವರು. ಕಾರು ಮಗುಚಿದರೆ ಛಾವಣಿ ತಲೆಯ ಮೇಲೆ ಕುಸಿಯದಂತೆ, ತಿರುವಿನಲ್ಲಿ ಕಾರಿನ ಮೈ ತಿರುಚಿಕೊಳ್ಳದಂತೆ ಒಳಗೆ ಕೂರಿಸುವ ಪೈಪಿನ ಪಂಜರವನ್ನು ನನ್ನ ನಕ್ಷೆ ನೋಡಿಯೇ ಕಟ್ಟಿದರು. ನನ್ನ ಇಬ್ಬರು ಗೆಳೆಯರ ಕಾರುಗಳೂ ಅಲ್ಲೇ ಸರದಿಯಲ್ಲಿದ್ದವು. ಪ್ರತಿ ಬೆಸುಗೆಯನ್ನೂ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಒಪ್ಪಿಗೆಯಾದರೆ ಪಕ್ಕದಲ್ಲೊಂದು ಚುಕ್ಕೆ ಕೊರೆಯುವುದು ಅವರ ಪದ್ಧತಿ.

ಪಂಜರದ ಪ್ರತಿ ಕಾಲಿನ ಕೆಳಗೂ ದಪ್ಪ ಪ್ಲೇಟು ಇರಬೇಕಿತ್ತು. ನನ್ನ ಬೆನ್ನ ಹಿಂದಿನ ಕಾಲಿನ ಪ್ಲೇಟು ಮಾತ್ರ ಸೀಟು ಹಿಂದಕ್ಕೆ ಸರಿಸಲು ಅಡ್ಡ ಬರುತ್ತಿತ್ತು. ಆ ಪ್ಲೇಟು ಬೇಡ, ಕಾಲನ್ನು ನೇರ ಕಾರಿನ ನೆಲದ ತಗಡಿಗೇ ಬೆಸೆಯಿರಿ ಎಂದೆ.

“ಕೆಸ್ರಲ್ಲಿ ಮಂಚ ಹಾಕ್ದಂಗೆ ಸಾರ್ ಅದು. ಮಲ್ಗೋರು ನೀವೇ.”

“ಕಂಪ್ಯೂಟರಲ್ಲಿ ಲೆಕ್ಕ ಹಾಕಿದ್ದೀನಿ ಭಾಯ್, ತಡ್ಕೊಳತ್ತೆ.”

“ಕಂಪ್ಯೂಟ್ರು ಪಕ್ಕದ ಸೀಟಲ್ಲಿ ಕೂತ್ಕೊಂತದಾ?” ಎಂದು ನಕ್ಕು, ಬೆಸೆದರು. ಆ ಬೆಸುಗೆಗೆ ಮಾತ್ರ ಚುಕ್ಕೆ ಕೊರೆಯಲಿಲ್ಲ.

ಮೂರನೆಯ ಓಟದಲ್ಲಿ ಕಾರು ಮಗುಚಿತು. ಆ ಕಾಲು ಕಾರಿನ ನೆಲವನ್ನು ಹರಿದುಕೊಂಡು ಹೊರಬಂತು. ನನ್ನ ಭುಜದ ಮೂಳೆ ಮುರಿಯಿತು. ನೋಡಲು ಮನೆಗೆ ಬಂದ ಆ ಇಬ್ಬರು ಗೆಳೆಯರು ಏನಾಯಿತೆಂದು ಕೇಳಿದರು.

“ವೆಲ್ಡಿಂಗ್ ಬಿಟ್ಕೊಂತು,” ಎಂದೆ.

ದ್ರಾಕ್ಷಿಯ ಚೀಲ ಹಿಡಿದು ಭಾಯ್ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರೋ ಇಲ್ಲವೋ... ಈಗ ಖಚಿತವಿಲ್ಲ. “ಹಂಗಾ ಸಾರ್,” ಎಂದದ್ದು ಮಾತ್ರ ಕೇಳಿಸಿತು.

ಗೆಳೆಯರಿಬ್ಬರೂ ತಮ್ಮ ಕಾರುಗಳನ್ನು ವಾಪಸ್ಸು ಒಯ್ದರು. ಭಾಯ್ ಬಳಿ ಮತ್ತೆ ಯಾರೂ ಪಂಜರ ಕಟ್ಟಿಸಲಿಲ್ಲ. ಹೋದ ವರ್ಷ ತೀರಿಕೊಂಡರಂತೆ. ನನಗೆ ತಿಳಿದದ್ದು ತಿಂಗಳುಗಳ ಮೇಲೆ.

ಅಂದಿನ ಡೈರಿ ತೆಗೆದು ನೋಡಿದೆ. ‘ಬೆಸುಗೆ ಸೋತಿತು’ ಎಂದೇ ಬರೆದಿದ್ದೇನೆ. ನಂಬಿ ಬರೆದೆನೋ, ನಂಬುವುದಕ್ಕಾಗಿ ಬರೆದೆನೋ.

ಗುಜರಿಯವರು ಎಸೆದ ತುಂಡುಗಳಲ್ಲಿ ಆ ಕಾಲು ಸಿಕ್ಕಿತು. ಬುಡದಲ್ಲಿ ಅಂಗೈಯಗಲದ ತಗಡು ಕಿತ್ತು ಬಂದು ಇನ್ನೂ ಕಚ್ಚಿಕೊಂಡಿದೆ. ಹರಿದದ್ದು ತಗಡು, ಬೆಸುಗೆಯಲ್ಲಿ ಒಂದು ಬಿರುಕೂ ಇಲ್ಲ. ಅಂದೂ ಹೀಗೇ ಇದ್ದಿರಬೇಕು, ಬಗ್ಗಿ ನೋಡಿದ್ದರೆ... ನೋಡಿದ್ದೆನೇನೋ.

ಅದನ್ನು ಗುಜರಿಗೆ ಕೊಡದೆ ಇಟ್ಟುಕೊಂಡಿದ್ದೇನೆ. ತೋರಿಸಿ ತಪ್ಪೊಪ್ಪಿಕೊಳ್ಳಬೇಕಾದ ಮನುಷ್ಯ ಇಲ್ಲ. ಆ ಗೆಳೆಯರಿಬ್ಬರು ಇದ್ದಾರೆ. ಅವರಿಗೂ ಇನ್ನೂ ತೋರಿಸಿಲ್ಲ.