ಶಬ್ದಗಳಿಗೆ ಹೆಸರು ಹಚ್ಚಿದ ಮಾಸ್ತರು

ಗುರಾಚಾರ್ ಸರ್ ಇಂಗ್ಲಿಷ್ ಶಬ್ದಗಳನ್ನು ಮಕ್ಕಳಂತೆ ಶಾಲೆಗೆ ಹಚ್ಚುತ್ತಿದ್ದರು. ಹಿರೇಕೆರೂರಿನಲ್ಲಿ ನನಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ, ದಾಖಲಾತಿ ರಜಿಸ್ಟರಿನಂತೆಯೇ ಗೆರೆ ಎಳೆದ ಉದ್ದನೆಯ ಪುಸ್ತಕವೊಂದನ್ನು ಮಾಡಿಕೊಂಡಿದ್ದರು. ಊರ ಬಾಯಿಗೆ ಹೊಸದಾಗಿ ಬಂದ ಶಬ್ದ, ಬಂದ ದಿನ, ಕೊನೆಗೆ ‘ಪಾಲಕರು’ ಎಂಬ ಕಾಲಮ್ಮಿನಲ್ಲಿ ಅದನ್ನು ತಂದವರ ಸಹಿ. ‘ವೈಬ್’ಗೆ ಹಂಸಭಾವಿ ಬಸ್ಸಿನ ಕಾಲೇಜು ಹುಡುಗಿ ಪಾಲಕಿ. ಯಾರೂ ಆಡದ ಶಬ್ದಕ್ಕೆ ಶಾಲೆ ಬಿಟ್ಟ ಎಲ್.ಸಿ. ಕೊಟ್ಟು ಕಳಿಸುವರು. ‘ಟ್ರಂಕ್ ಕಾಲ್’ ಹೊರಟ ದಿನ ಪೇಢೆ ಹಂಚಿದರು. ನಾನೂ ತಿಂದ ನೆನಪು. ನನ್ನ ಡೈರಿಯಲ್ಲಿ ಮಾತ್ರ ಇಲ್ಲ. ಕೇಳಿದ ಕಥೆಯೊಳಗೆ ನಾನೇ ಹೋಗಿ ಕೂತೆನೋ ಏನೋ.

“ತಪ್ಪು ಪ್ರಯೋಗ ಅಲ್ಲೇನ್ರಿ ಸರ್?” ಎಂದು ನಾನು ಕೇಳಿದರೆ ನಗುವರು. “ಎಂ.ಎ. ಮಾಡಿ ಕಿವೀನ ಕಳಕೊಂಡೀಯಲ್ಲ! ಬಾಗಲಿಗೆ ಬಂದ ಕೂಸನ್ನ ಹೊರಗ ನಿಂದ್ರಸ್ತಾರೇನು?”

ಕಳೆದ ವರ್ಷ ಮಾಸೂರಿನಿಂದ ಅವ್ವನನ್ನು ಅವರ ಮನೆಗೆ ಕರೆದೊಯ್ದೆ. ಕೂಲಿಗೆ ಹೋಗುವ ಅವ್ವ ಶಾಲೆ ಕಂಡವಳಲ್ಲ. ಬಿಸಿಲಲ್ಲಿ ನಡೆದು ಬಂದವಳು ಕಟ್ಟೆಯ ಮೇಲೆ ಕುಸಿದು ಕೂತು, “ಬ್ಯಾಟರಿ ಇಳದೈತ್ರಿ ಸರ. ಐದ್ ಮಿನಿಟ ಚಾರ್ಜಿಗೆ ಕುಂದರ್ತೇನಿ” ಎಂದಳು.

“ಅವ್ವಾ, ಹಂಗ ಅನಬಾರ್ದು. ಸುಮ್ನಿರು” ಎಂದುಬಿಟ್ಟೆ.

ಅವ್ವನ ಮುಖ ಸಣ್ಣದಾಯಿತು. ಸೆರಗು ಹೊದ್ದುಕೊಂಡಳು. ಬಂದ ಚಹಾವನ್ನು ಪಕ್ಕಕ್ಕಿಟ್ಟಳು. ಇನ್ನು ಈ ಮನೆಯಲ್ಲಿ ಅವಳು ಬಾಯಿ ಬಿಡುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಸರ್ ಒಳಗೆ ಹೋಗಿ ರಜಿಸ್ಟರ್ ತಂದು ಅವಳ ಎದುರು ಕೂತರು. “ತಂಗೀ, ಈ ಚಾರ್ಜಿಗೆ ಕೂಡೋದು ಎಲ್ಲಿಂದ ಬಂದದ?”

ಅವ್ವ ನನ್ನತ್ತ ನೋಡಿದಳು.

“ಆಕೀನ್ನ ಯಾಕ ನೋಡ್ತೀರಿ? ಆಕಿ ಇನ್ನೂ ಕಲಿಯೋದದ.”

ಅವ್ವ ಕಿಸಕ್ಕನೆ ನಕ್ಕಳು. “ಮಡಗದ ಕೆರಿ ಕೆಳಗಿನ ಗದ್ದ್ಯಾಗ ನಾಟಿ ಮಾಡಿ ನಡಾ ನೊಂದ್ರ ಹಂಗ ಅಂತೇವ್ರಿ. ಮೊದ್ಲ ಅಂದಾಕಿ ನಾನ. ಈಗ ಗದ್ದಿ ಮಾಲಕನೂ ‘ಚಾರ್ಜ್ ಆತೇನಬೇ’ ಅಂತಾನ್ರಿ!”

“ಹಂಗಾದ್ರ ನೀವ ಪಾಲಕರು. ಸಹಿ ಮಾಡ್ರಿ.”

ನನ್ನ ಶಾಲೆಯ ಕಾಗದಗಳಲ್ಲೆಲ್ಲ ಆ ಜಾಗದಲ್ಲಿ ಅಪ್ಪನ ಸಹಿ. ಮಹಿಳಾ ಸಂಘದಲ್ಲಿ ಕಲಿತ, ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಅವ್ವ ಒಂದೊಂದಾಗಿ ಇಳಿಸಿದಳು. ಮುಗಿಯುವವರೆಗೆ ಸರ್ ಹಾಳೆ ಹಾರದಂತೆ ಹಿಡಿದುಕೊಂಡಿದ್ದರು.

ಅದೇ ಕೊನೆಯ ಭೇಟಿ. ಎರಡು ತಿಂಗಳಿಗೆ ಸರ್ ತೀರಿಕೊಂಡರು.

ಸಹಿ ಮಾಡಿದ ಆ ದಿನ ಊರಿಗೆ ಮರಳುವ ಬಸ್ಸು ತುಂಬಿತ್ತು. ನಿಂತಿದ್ದ ಹೆಂಗಸೊಬ್ಬಳನ್ನು ಅವ್ವ ಕೂಗಿ ಕರೆದಳು: “ಬಾರಬೇ, ಟೆನ್ಷನ್ ತಗೋಬ್ಯಾಡ. ನನ್ನ ಮಗಳು ಇಂಗ್ಲಿಷ್ ಎಂ.ಎ. ಮಾಡ್ಯಾಳ, ಅಡ್ಜಸ್ಟ್ ಆಗ್ತಾಳ!”

ನಾನು ಸರಿದು ಕೂತೆ.