ಉಗಾಂಡಾ ಹಾಳೆಗಳ ಹಿಂಬದಿ

ನನ್ನ ಗಂಡ ಪ್ಯಾನ್‌ಮ್ಯಾನ್. ಇಷ್ಟು ಹೇಳಿದರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಊರಿನ ಕಡೆಯವರಿಗೆ ಸಾಕು. ಉಳಿದವರಿಗಾಗಿ ಹೇಳುತ್ತೇನೆ: ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕುದಿಸಿ, ಅದು ಹರಳು ಕಟ್ಟುವ ಹದ ಹಿಡಿಯುವವರು. ಹದ ಸ್ವಲ್ಪ ತಪ್ಪಿದರೂ ಇಡೀ ಪಾಕ ಕೆಡುತ್ತದಂತೆ. ಮನೆಯಲ್ಲಿ ಒಂದು ಕಪ್ ಚಹಾ ಮಾಡಲು ಬಾರದ ಮನುಷ್ಯನಿಗೆ ಈ ವಿದ್ಯೆ ಎಲ್ಲಿಂದ ಬಂತೋ ನನಗೆ ಇಂದಿಗೂ ತಿಳಿದಿಲ್ಲ. ಆ ಹದಕ್ಕಾಗಿಯೇ ಉಗಾಂಡಾದ ಒಂದು ಕಾರ್ಖಾನೆಯವರು ಅವರನ್ನು ಕರೆಸಿಕೊಂಡರು. ಹೋದಾಗ ಮಗಳಿಗೆ ಮೂರು ವರ್ಷ. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳ ಪಾಲಿಗೆ ಅಪ್ಪ ಎಂದರೆ, ಅಡುಗೆಮನೆಯ ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ಕಾಣುವ ಮುಖವಾಗಿತ್ತು.

ಕರಾರು ಮುಗಿಯಲು ಬಂದಾಗ ಅಲ್ಲಿಯವರು ಇನ್ನೆರಡು ವರ್ಷ ಇರಿ ಎಂದರು. ಈ ಸಲ ಕಾರ್ಖಾನೆಯ ಕಾಲನಿಯಲ್ಲಿ ಸಂಸಾರಸ್ಥರಿಗೆಂದು ಒಂದು ಮನೆ ಖಾಲಿಯಾಗಿತ್ತು.

"ಶುಕ್ರವಾರದೊಳಗ ಹೌದು ಇಲ್ಲ ಹೇಳಬೇಕಂತ. ಇಲ್ಲಂದ್ರ ಬ್ಯಾರೇದವರಿಗೆ ಕೊಡ್ತಾರ" ಎಂದು ಗಂಡ ಫೋನ್ ಮಾಡಿದರು.

ಹೌದು ಎಂದರೆ ನಾವು ಮೂವರೂ ಒಂದೇ ಸೂರಿನಡಿ. ಇಲ್ಲವೆಂದರೆ ಮತ್ತೆರಡು ವರ್ಷ ಹಿಟ್ಟಿನ ಡಬ್ಬಿಗೆ ಆನಿಸಿದ ಫೋನು. ಜೊತೆಗೆ ಅವರು, ಹೊಸದಾಗಿ ಬರುವವರಿಗೆ ಆ ದೇಶದ, ಕಾಲನಿಯ ಪರಿಚಯ ಮಾಡಿಕೊಡುವ ಕಾರ್ಖಾನೆಯ ಒಂದು ಇಂಗ್ಲಿಷ್ ಪುಸ್ತಿಕೆಯನ್ನೂ ಫೋನಿಗೆ ಕಳಿಸಿದರು. ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಅಚ್ಚು ಹಾಕಿಸಿದೆ. ಅಂಗಡಿಯವನು ಹಾಳೆಯ ಒಂದೇ ಬದಿಗೆ ಅಚ್ಚು ಹಾಕಿದ್ದ. ಇಷ್ಟು ಕಾಗದ ದಂಡವಾಯಿತಲ್ಲ ಎಂದು ಅವನೊಂದಿಗೆ ಜಗಳವಾಡಿಯೇ ಮನೆಗೆ ಬಂದೆ. ಜಗಳವಾಡದೆ ಬರುವುದು ನನ್ನ ಜಾಯಮಾನದಲ್ಲಿಲ್ಲ.

ನನ್ನ ತವರು ಮುದ್ದೇಬಿಹಾಳ. ಓದಿದ್ದು ಬಸವನ ಬಾಗೇವಾಡಿಯಲ್ಲಿ, ಬಿ.ಎ. ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ ಎಂಬ ಸೊಕ್ಕು ಬೇರೆ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಒಬ್ಬಳೇ ಕುಳಿತು ಓದಿದೆ. ಬಿಸಿಲಿನ ಬಗ್ಗೆ ಎಚ್ಚರ. ಕುದಿಸದ ನೀರಿನ ಬಗ್ಗೆ ಎಚ್ಚರ. ಕರೆಂಟು, ರಸ್ತೆ, ಅಂಗಡಿಯವರು, ಬಸ್ಸು, ಎಲ್ಲದರ ಬಗ್ಗೆಯೂ ಎಚ್ಚರ. ಮುಂದೊಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಮಲೇರಿಯಾ ಎಂದಿತ್ತು. ಹಿಂದಿನ ವರ್ಷವಷ್ಟೇ ಮಗಳಿಗೆ ಸೊಳ್ಳೆ ಕಚ್ಚಿ ಜ್ವರ ಬಂದು, ವಿಜಯಪುರದ ಆಸ್ಪತ್ರೆಯಲ್ಲಿ ನಾಲ್ಕು ದಿನ ಅವಳ ಮಂಚದ ಪಕ್ಕದಲ್ಲಿ ಕಣ್ಣು ಮುಚ್ಚದೆ ಕುಳಿತವಳು ನಾನು. ಮುಂದಕ್ಕೆ ಓದಲಾಗದೆ ಹಾಳೆಗಳನ್ನು ಮಡಚಿ ಸೀರೆಗಳ ಕೆಳಗೆ ಇಟ್ಟುಬಿಟ್ಟೆ.

ಹೆದರಿಕೆಯಾಗುತ್ತದೆ ಎಂದು ಗಂಡನಿಗೆ ಹೇಳಲು ನಾಲಿಗೆ ಹೊರಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು, ಮರುದಿನ ಫೋನಿನಲ್ಲಿ ಬೇರೆಯೇ ಹೇಳಿದೆ.

"ಅತ್ತೀನ್ನ ಬಿಟ್ಟು ಹೆಂಗ ಬರ್ಲಿರೀ? ವಯಸ್ಸಾತು. ನನ್ನ ಬಿಟ್ರ ಅವ್ರನ್ನ ನೋಡವ್ರು ಯಾರದಾರ?"

ಈ ಮಾತಿಗೆ ನಮ್ಮ ಮನೆಯ ಬೆಕ್ಕೂ ನಗಬೇಕು. ಭಾವ ಇದ್ದಾರೆ, ಅವರ ಹೆಂಡತಿ, ಸಿಂದಗಿಯಿಂದ ಬಂದ ನನ್ನ ನೆಗೆಣ್ಣಿ ಇದ್ದಾಳೆ, ಅವರ ಮೂವರು ಮಕ್ಕಳಿದ್ದಾರೆ. ಇನ್ನು ಅತ್ತೆ! ಬೆಳಗಿನ ಐದಕ್ಕೆ ಎದ್ದು ಎಲ್ಲರನ್ನೂ ಬೈದು ಎಬ್ಬಿಸುವವರು. ಯಾರನ್ನು ಯಾರು ನೋಡಿಕೊಳ್ಳುತ್ತಿದ್ದರೆಂಬುದು ಊರಿಗೇ ಗೊತ್ತು. ಗಂಡ "ಆತು, ನಿನ್ನ ಮನಸ್ಸು" ಎಂದು ಫೋನ್ ಇಟ್ಟರು. ತಿರುಗಿ ನೋಡಿದರೆ ಅತ್ತೆ ಹಿಂಬಾಗಿಲಲ್ಲಿ ನಿಂತಿದ್ದರು. ಸೀದಾ ಅಂಗಳಕ್ಕೆ ಹೋದರು. ಅವರು ಬಯ್ಯಲಿಲ್ಲವೆಂಬುದೇ ನನಗೆ ದೊಡ್ಡ ಬೈಗುಳವಾಯಿತು.

ಗುರುವಾರ ಮಧ್ಯಾಹ್ನ ಅಂಗಳದ ಬೇವಿನ ನೆರಳಿನಲ್ಲಿ ನಿಂಬೆಕಾಯಿ ಆರಿಸುತ್ತ ಕುಳಿತಿದ್ದೆವು. ದಪ್ಪ ಕಾಯಿ ಒಂದು ಚೀಲಕ್ಕೆ, ಸಣ್ಣವು ಇನ್ನೊಂದಕ್ಕೆ, ಕಲೆ ಬಿದ್ದವು ಬುಟ್ಟಿಗೆ. ಅತ್ತೆ, ನೆಗೆಣ್ಣಿ, ನಾನು. ಜೊತೆಗೆ ಪಕ್ಕದ ಮನೆಯ ಮುಸ್ಲಿಂ ಹಿರಿಯಾಕೆ, ನಮಗೆಲ್ಲ ಖಾಲಾ. ಅವರ ಮನೆತನದವರು ತಲೆಮಾರುಗಳಿಂದ ನಿಂಬೆ ವ್ಯಾಪಾರದವರು, ನಮ್ಮ ತೋಟದ ಕಾಯಿ ಹೋಗುವುದೂ ಅವರ ಗಾಡಿಗೇ. ಕೈಯಲ್ಲಿದ್ದ ಕಾಯಿಯನ್ನು ಚೀಲಕ್ಕೆ ಎಸೆದು ಅತ್ತೆ ಹೇಳಿದರು:

"ನನ್ನ ನೆವ ಯಾಕ ಮಾಡಿದಿ? ನಿನಗ ಹೆದರಿಕಿ ಐತಿ. ಸೀರಿ ಕೆಳಗ ಏನ ಮುಚ್ಚಿಟ್ಟಿ, ತಗೊಂಡ ಬಾ. ಓದು. ನಾವೂ ಕೇಳ್ತೇವಿ."

ನಾನು ಬಾಯಿ ಬಿಡುವ ಮೊದಲೇ ನೆಗೆಣ್ಣಿ ಹೋಗಿ ಹಾಳೆಗಳನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಕೂಡುಮನೆಯಲ್ಲಿ ಸೀರೆಯ ಕೆಳಗಿನದು ಗುಟ್ಟಲ್ಲ. ಗಂಟಲು ಸರಿ ಮಾಡಿಕೊಂಡು ನಮ್ಮ ಮಾತಿನಲ್ಲೇ ಹೇಳತೊಡಗಿದೆ.

"ಬಿಸಲ ಬಾಳ ಇರತೈತಿ. ಕೆಲವು ದಿನ ಮೂವತ್ತು ಡಿಗ್ರಿ ಆಗತೈತಿ. ಎಚ್ಚರಿಕಿಂದ ಇರ್ರಿ."

"ಮೂವತ್ತಾ?" ಖಾಲಾ ಕಣ್ಣರಳಿಸಿದರು. "ನಮ್ಮಲ್ಲಿ ಶಿವರಾತ್ರಿಗೇ ಅದನ್ನ ದಾಟತೈತಿ. ಕೂಸಿಗೆ ಸ್ವೆಟರ್ ಒಯ್ಯವಾ."

"ಕರೆಂಟ್ ಯಾವಾಗ ಬೇಕಾದ್ರೂ ಹೋಗತೈತಿ, ಮೇಣಬತ್ತಿ ಇಟಗೋರಿ" ಎಂದೆ. ಇದಕ್ಕೆ ಯಾರೂ ತಲೆಯನ್ನೇ ಎತ್ತಲಿಲ್ಲ.

"ಸಣ್ಣ ಬಸ್ಸಿಗೆ ಟೈಮ್ ಅಂತ ಇರೂದಿಲ್ಲ. ಮಂದಿ ತುಂಬಿದ ಮ್ಯಾಲೇ ಬಿಡ್ತಾರ."

"ತುಂಬಿದ ಕೂಡ್ಲೇ ಬಿಡ್ತಾರ?" ನೆಗೆಣ್ಣಿಗೆ ಆಶ್ಚರ್ಯ. "ನಮ್ಮ ಸಿಂದಗಿ ಟೆಂಪೋದವ್ರು ತುಂಬಿದ ಮ್ಯಾಲೆ ಮತ್ತ ಆರು ಮಂದಿ ಹತ್ತಸ್ತಾರ್ರಿ."

"ಗುರ್ತು ಇಲ್ಲದವ್ರೂ ನಿಮಗ ಮದವಿ ಆಗೇತೇನು, ಮಕ್ಕಳೆಷ್ಟು ಅಂತ ಕೇಳ್ತಾರ. ಸಿಟ್ಟಿಗೇಳಬ್ಯಾಡ್ರಿ."

"ಕೇಳಲಾರದ ಮತ್ತೇನ ಮಾಡ್ತಾರ?" ಅತ್ತೆಗೇ ಸಿಟ್ಟು ಬಂತು. "ಮಂದಿ ಅಂದ ಮ್ಯಾಲೆ ಕೇಳೂದಿಲ್ಲೇನು? ಇದನ್ನ ಬರದಾವ್ರು ಎಲ್ಲಿಯವ್ರು?"

ಆಗ ನನಗೆ ಹೊಳೆಯಿತು. ಬರೆದವರು ಯಾರೋ, ಆದರೆ ಬರೆದದ್ದು ಚಳಿ ದೇಶದಿಂದ ಬರುವ ಸಾಹೇಬರಿಗೆ. ಮೊದಲನೆಯ ಹಾಳೆಯಲ್ಲೇ, ಹಿಮ ಬೀಳುವ ಕಡೆಯಿಂದ ಬರುವವರು ದಪ್ಪ ಕೋಟು ತರಬೇಡಿ ಎಂದಿತ್ತು. ಅದನ್ನು ಓದಿಯೂ, ಇಂಡಿಯ ಬಿಸಿಲಿನಲ್ಲಿ ಬೆಂದ ನಾನು, ಹಿಮದ ಊರಿನ ಮೇಡಮ್ಮನ ಹೆದರಿಕೆಯನ್ನು ಎರವಲು ತಂದು ಎದೆಯಲ್ಲಿ ಇಟ್ಟುಕೊಂಡಿದ್ದೆ. ಇಂಗ್ಲಿಷಿನಲ್ಲಿ ಅಚ್ಚಾದದ್ದೆಲ್ಲ ನನಗೇ ಹೇಳಿದ್ದು ಎಂದು ತಿಳಿಯುವ ದಡ್ಡತನ ಬಿ.ಎ. ಮಾಡಿದವರಿಗೆ ಮಾತ್ರ ಸಾಧ್ಯ. ನನ್ನ ಮೇಲೆ ನನಗೇ ನಗು ಬಂತು. ಊಟದ ಹಾಳೆಗೆ ಬಂದೆ: ರಾಗಿ ಹಿಟ್ಟಿನ ಗಟ್ಟಿ ಮುದ್ದೆ, ಅದಕ್ಕೆ ಶೇಂಗಾ ಅರೆದು ಮಾಡಿದ ಗೊಜ್ಜು, ಕೈಯಿಂದಲೇ ಉಣ್ಣುವುದು.

"ಶೇಂಗಾ ಐತಿ ಅಂದ ಮ್ಯಾಲೆ ಅದು ಪರದೇಶ ಹೆಂಗಾತು?" ಎಂದರು ಅತ್ತೆ.

ನಾನು ಮುಂದಿನ ಹಾಳೆಯನ್ನು ಮೆಲ್ಲಗೆ ಕೆಳಗೆ ಸರಿಸಿದೆ. ಅತ್ತೆಗೆ ಅಕ್ಷರ ಬಾರದು. ಆದರೆ ಸಾವಿರ ಕಾಯಿಯಲ್ಲಿ ಕಲೆ ಬಿದ್ದ ಒಂದನ್ನು ಹಿಡಿಯುವ ಕಣ್ಣು ಅವರದು.

"ಒಂದ ಹಾಳಿ ಹಾರಿಸಿದಿ."

ಓದಲೇಬೇಕಾಯಿತು. ಮಲೇರಿಯಾ ಎಂಬಲ್ಲಿಗೆ ಬಂದಾಗ ಎಲ್ಲರೆದುರು ಅತ್ತುಬಿಟ್ಟೆ. "ಕೂಸಿಗೆ ಮತ್ತ ಜ್ವರ ಬಂದ್ರ ನಾ ಏನ ಮಾಡ್ಲಿ ಅತ್ತಿ? ಅಲ್ಲಿ ನನಗ ಯಾರದಾರ?" ಎಂದೆ. ಒಳಗಿದ್ದದ್ದು ಅಷ್ಟೇ. ಉಳಿದ ಎಚ್ಚರಗಳೆಲ್ಲ ಅದರ ಮೇಲಿನ ಹೊದಿಕೆ.

ಖಾಲಾ ನನ್ನ ಬೆನ್ನು ಸವರಿದರು. ಅತ್ತೆ ಸವರುವ ಪೈಕಿ ಅಲ್ಲ. "ಹೋದ ವರ್ಷ ಕೂಸಿಗೆ ಜ್ವರ ಬಂದಿದ್ದೆಲ್ಲಿ? ಇದ ಅಂಗಳದಾಗ. ಆ ಸೊಳ್ಳಿ ಉಗಾಂಡಾದಿಂದ ಬಸ್ ಹತ್ತಿ ಬಂದಿತ್ತೇನ? ಅಳೂದು ಬಿಡು. ಕೆಳಗ ಇನ್ನೂ ಬರದೈತಲ್ಲ, ಅದನ್ನ ಓದು."

ನಿಜ ಹೇಳಬೇಕೆಂದರೆ ಆ ದಪ್ಪ ಅಕ್ಷರದ ಕೆಳಗೆ ನಾನು ಅಲ್ಲಿಯವರೆಗೂ ಕಣ್ಣು ಹಾಯಿಸಿರಲಿಲ್ಲ. ಕಣ್ಣೊರೆಸಿಕೊಂಡು ಓದಿದೆ. ಮನೆಯ ಕಿಟಕಿಗಳಿಗೆಲ್ಲ ಜಾಳಿಗೆ. ಪ್ರತಿ ಮಂಚಕ್ಕೂ ಸೊಳ್ಳೆ ಪರದೆ. ಕಾಲನಿಯೊಳಗೇ ದವಾಖಾನೆ, ಮೈ ಬೆಚ್ಚಗಾದರೆ ಕಾಯಬೇಡಿ, ಅದೇ ದಿನ ಬಂದು ರಕ್ತ ತೋರಿಸಿ, ಔಷಧ ಅಲ್ಲೇ ಸಿಗುತ್ತದೆ. ಆಗ ನಾವು ಜ್ವರದಿಂದ ಕಾದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ವಿಜಯಪುರದವರೆಗೆ ಜೀಪಿನಲ್ಲಿ ಕುಲುಕುತ್ತ ಹೋದದ್ದು ನೆನಪಾಯಿತು. ಅಲ್ಲಿ ನಡೆದುಹೋಗುವಷ್ಟು ದೂರ! ಹೆದರಿಕೆ ಪೂರ್ತಿ ಹೋಗಲಿಲ್ಲ, ತಾಯಾದವಳಿಗೆ ಅದು ಪೂರ್ತಿ ಹೋಗುವುದೂ ಇಲ್ಲ. ಆದರೆ ಅದನ್ನು ಜೊತೆಗಿಟ್ಟುಕೊಂಡೇ ಹೊರಡಬಹುದು ಎನ್ನಿಸಿತು.

"ಹದಿನಾರಕ್ಕ ಮದವಿಯಾಗಿ ನಾಲತವಾಡದಿಂದ ಈ ಇಂಡಿಗಿ ಬಂದೆ" ಎಂದರು ಅತ್ತೆ, ಕಾಯಿ ಆರಿಸುತ್ತಲೇ. "ಈ ಮನ್ಯಾಗ ಯಾರ ಹೆಂಗ, ಯಾವಾಗ ನಗಬೇಕು, ಯಾವಾಗ ಸುಮ್ನಿರಬೇಕು, ಏನೂ ಗೊತ್ತಿರ್ಲಿಲ್ಲ. ನನಗ ಯಾರೂ ಪುಸ್ತಕ ಕೊಡ್ಲಿಲ್ಲವಾ."

ಅಂದು ಸಂಜೆಯೇ ಫೋನ್ ಹಚ್ಚಿದೆ. "ನಾವು ಬರ್ತೇವಿ. ಮನಿ ಹಿಡೀರಿ" ಎಂದೆ. ಅವರು ಥಟ್ಟನೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಮಗಳು "ಅಪ್ಪ ಯಾಕ ಗ್ವಾಡಿ ನೋಡಾಕತ್ತಾನ?" ಎಂದು ಕೇಳಿದಳು.

ಹೊರಡುವ ಹಿಂದಿನ ವಾರ ಅತ್ತೆ ಆ ಹಾಳೆಗಳನ್ನು ತಂದು ನನ್ನ ಮುಂದೆ ಬೋರಲಾಗಿ ಇಟ್ಟರು. ಝೆರಾಕ್ಸಿನವನೊಂದಿಗೆ ಜಗಳವಾಡಿದ ಆ ಖಾಲಿ ಬದಿ ಮೇಲೆ ಬಂತು.

"ಹಿಂದ ಬರಿ. ಕೂಸು ಸಣ್ಣದೈತಿ, ಎಲ್ಲಾ ಮರೀತೈತಿ. ಸಾಲಿ ಸೂಟಿಗೆ ಊರಿಗೆ ಬರೂದ್ರಾಗ ನಮಗ ಹೊಸಬ್ಳಾಗಿರ್ತಾಳ. ಬರೂಮುಂದ ಓದಿ ಹೇಳು."

ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಳದ ನೀರು ದಿನಾ ಬರೂದಿಲ್ಲ, ಬಂದ ದಿನ ಯಾರ ಮಾತೂ ಯಾರಿಗೂ ಕೇಳೂದಿಲ್ಲ. ಮಂದಿ ಮನಿಗೆ ಹೋದ್ರ ಬಾಗಲಾ ಬಡೀಬ್ಯಾಡ, ಅಂಗಳದಾಗ ನಿಂತು ಒದರು. ಖಾಲಾ ಏನರ ಕೊಟ್ರ ಒಲ್ಲೆ ಅನಬ್ಯಾಡ. ನಿಂಬಿ ಗಿಡದಾಗ ಕೈ ಹಾಕೂಮುಂದ ಮುಳ್ಳು ನೋಡು. ಕೊನೆಗೆ, ಮೊಮ್ಮಗಳು ಆಯಿ ಎಂದು ಕರೆಯುವ ತಮ್ಮ ಬಗ್ಗೆಯೇ ಒಂದು ಮಾತು ಹೇಳಿದರು. ಅದನ್ನು ನಾನು ಬರೆದೆನೋ ಇಲ್ಲವೋ ಎಂದು, ಓದಲು ಬಾರದಿದ್ದರೂ, ಬಗ್ಗಿ ನೋಡಿದರು.

"ನಿಮ್ಮ ಆಯಿ ಜೋರ ಮಾತಾಡ್ತಾಳ. ಅದು ಸಿಟ್ಟಲ್ಲ."

ನಾವು ಉಗಾಂಡಾಕ್ಕೆ ಬಂದು ಒಂದು ವರ್ಷವಾಯಿತು. ಮಗಳಿಗೆ ಒಮ್ಮೆ ಜ್ವರವೂ ಬಂದುಹೋಯಿತು. ಬೆಳಿಗ್ಗೆ ದವಾಖಾನೆಗೆ ನಡೆದು ಹೋಗಿ, ಮಧ್ಯಾಹ್ನಕ್ಕೆ ಔಷಧದೊಂದಿಗೆ ಮನೆಗೆ ಬಂದೆವು. ಈಗ ಹಿಟ್ಟಿನ ಡಬ್ಬಿಗೆ ಆನಿಸಿದ ಫೋನಿನಲ್ಲಿ ಕಾಣುವುದು ಅತ್ತೆಯ ಮುಖ. ಇಷ್ಟು ದೂರಕ್ಕೆ ಕೇಳಬೇಕಲ್ಲ ಎಂದು ಅವರು ಇನ್ನೂ ಜೋರಾಗಿ ಕೂಗುತ್ತಾರೆ. ಮೊನ್ನೆ ಮನೆಗೆ ಬಂದ ಪಕ್ಕದ ಮನೆಯ ಉಗಾಂಡಾದ ಹುಡುಗಿ ಆ ದನಿಗೆ ಬೆಚ್ಚಿ ಬಾಗಿಲ ಕಡೆ ಸರಿದಳು. ಮಗಳು ಅವಳ ಕೈ ಹಿಡಿದು ಫೋನಿನ ಮುಂದೆ ತಂದು ಕೂರಿಸಿ, ಇಲ್ಲಿ ಕಲಿತ ಅವಳ ಭಾಷೆಯಲ್ಲಿ ಏನೋ ಹೇಳಿದಳು. ಏನಂದಿ ಎಂದು ಕೇಳಿದೆ.

"ಸಿಟ್ಟಲ್ಲ ಅಂದೆ" ಎಂದಳು.