ಮೂರನೆಯ ಹಾಡಿನ ಮೌನ

ಆ ರೆಕಾರ್ಡಿನಲ್ಲಿ ಡ್ರಮ್ಸ್ ನುಡಿಸಿದ್ದು ಮೆಷಿನ್ ಅಲ್ಲ ರಜಾಕ್, ನೀನು. ಮೆಷಿನ್ ಎಂದು ಊರಿಗೆಲ್ಲ ಹೇಳಿದವನು ನಾನು. ನೀನು ಗಲ್ಫಿನಲ್ಲಿದ್ದಷ್ಟು ವರ್ಷವೂ ಹೇಳಿದೆ. ತಿರುಗಿ ಬಂದ ಮೇಲೂ — ನಿನ್ನ ಎದುರಿಗೇ — ಇನ್ನೊಮ್ಮೆ ಹೇಳಿದೆ.

ಎಲ್ಲಿಂದ ಶುರು ಮಾಡಲಿ ಎಂದರೆ… ಪಡೀಲಿನ ಆ ಗೋಡೌನಿನಿಂದಲೇ ಮಾಡುತ್ತೇನೆ. ನಿನ್ನ ಮಾವನ ಹಾಸಿಗೆ ಗೋಡೌನು. ಗೋಡೆಗೆ ಒತ್ತಿ ಪೇರಿಸಿದ ಹಾಸಿಗೆಗಳು ಪ್ರತಿಧ್ವನಿಯನ್ನು ನುಂಗಿಬಿಡುತ್ತವೆ, ನಮಗೆ ಬೇರೆ ಸ್ಟುಡಿಯೋ ಯಾಕೆ ಎಂದು ಕಂಡುಹಿಡಿದವನೂ ನೀನೇ. ದೇವಸ್ಥಾನದ ಅರ್ಚಕರ ಮಗ ನಾನು ಗಿಟಾರ್ ಹಿಡಿದು, ಹಾಸಿಗೆ ಸಾಹುಕಾರರ ಅಳಿಯ ನೀನು ಡ್ರಮ್ಸ್ ಹಿಂದೆ ಕೂತು, ಇಬ್ಬರೇ ಒಂದು ಇಡೀ ರಾಕ್ ಆಲ್ಬಮ್ ಮಾಡಿದೆವು. ಕವರಿನ ಮೇಲೆ ಯಾರ ಹೆಸರೂ ಹಾಕಲಿಲ್ಲ. ಹೆಸರಿಲ್ಲದಿರುವುದೇ ಸ್ಟೈಲ್ ಎಂದು ಆಗ ಇಬ್ಬರಿಗೂ ತಲೆಗೆ ಹೊಕ್ಕಿತ್ತು. ಅದು ಒಳ್ಳೆಯ ಆಲ್ಬಮ್. ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ, ನಮ್ಮ ಮಂಗಳೂರಿನಲ್ಲಿ ಅಂಥದ್ದು ಇನ್ನೊಂದು ಬಂದದ್ದನ್ನು ನಾನು ಕೇಳಿಲ್ಲ.

ಮೂರನೆಯ ಹಾಡು ನಿನಗೆ ನೆನಪಿರುತ್ತದೆ. ಗಿಟಾರಿನ ಸೋಲೋ ಶುರುವಾಗಬೇಕಾದ ಜಾಗ. ತಂತಿ ಮೀಟುವ ಪಿಕ್ ನನ್ನ ಬೆವರು ಕೈಯಿಂದ ಜಾರಿ ಕೆಳಗೆ ಬಿತ್ತು. ರೆಕಾರ್ಡಿಂಗ್ ನಡೆಯುತ್ತಲೇ ಇತ್ತು. ನಾನು ಬಗ್ಗಿ ಹುಡುಕುತ್ತಿದ್ದೆ — ನೀನು ನೋಡಿದೆ. ಬೇರೆ ಯಾರಾದರೂ ನಿಲ್ಲಿಸಿ ಬೈಯುತ್ತಿದ್ದರು. ನೀನು ಕೈಯಲ್ಲಿದ್ದ ಕೋಲುಗಳನ್ನು ಎತ್ತಿ ಹಿಡಿದು, ಎಲ್ಲವನ್ನೂ ಸುಮ್ಮನಾಗಿಸಿ, ಎಡಗಾಲಿನ ಪೆಡಲಿನಲ್ಲಿ ಮಾತ್ರ ತಾಳ ಹಿಡಿದುಕೊಂಡು ಕೂತೆ. ಚಿಕ್… ಚಿಕ್… ಅಷ್ಟೇ. ನಾನು ಎದ್ದು ತಲೆಯಾಡಿಸಿದ ಮೇಲೆ ಡ್ರಮ್ಸ್ ಮೇಲೆ ಒಂದು ಸುತ್ತು ಸರಸರನೆ ಬಾರಿಸಿ, ಕೈಹಿಡಿದು ಕರೆದುಕೊಂಡು ಹೋದ ಹಾಗೆ ನನ್ನನ್ನು ಸೋಲೋದೊಳಗೆ ಬಿಟ್ಟೆ. ಆಮೇಲೆ ಕೇಳಿದರೆ ಇಬ್ಬರಿಗೂ ಮೈ ಜುಮ್ಮೆಂದಿತು. ಇಡೀ ಆಲ್ಬಮಿನ ಜೀವವೇ ಆ ಮೌನದಲ್ಲಿತ್ತು.

ನೀನು ಗಲ್ಫಿಗೆ ಹೋದೆ. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾದೆ, ಭಾನುವಾರ ಬೆಳಿಗ್ಗೆ ಕಾವೂರು ಕೆರೆಯ ಹತ್ತಿರದ ಹೋಟೆಲಿನಲ್ಲಿ ಸೇರುವ ಗ್ಯಾಂಗಿಗೂ ಸೇರಿಕೊಂಡೆ. ಯಾವ ಆಲ್ಬಮ್ ದೊಡ್ಡದು, ಯಾರು ನಿಜವಾದ ಸಂಗೀತಗಾರ ಎಂಬುದೇ ಅಲ್ಲಿ ಮಾತು. ಗೋಳಿಬಜೆ ತಣ್ಣಗಾದರೂ ವಾದ ತಣ್ಣಗಾಗುವುದಿಲ್ಲ. ಬೆರಳಿನ ವೇಗವೇ ಕಲೆ ಎನ್ನುವವರು ಒಂದು ಕಡೆ, ಆ ವೇಗವನ್ನು ಕಸರತ್ತು ಎಂದು ನಗುವವರು ಇನ್ನೊಂದು ಕಡೆ. ಬ್ಯಾಂಕಿನ ಲ್ಯಾನ್ಸಿ ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ರೆಕಾರ್ಡ್ ಕೂಡಿಟ್ಟವನು, ಅವನು ಹೇಳಿದರೆ ಮುಗಿಯಿತು. ಅವನಿಗೆ ಒಂದು ದಿನ ನಮ್ಮ ಆಲ್ಬಮ್ ಕೇಳಿಸಿದೆ. ಮೂರನೆಯ ಹಾಡು ಬಂದಾಗ ಅವನು ಚಹಾದ ಗ್ಲಾಸು ಕೆಳಗಿಟ್ಟ. ಆ ಜಾಗವನ್ನು ಮತ್ತೆ ಹಾಕು ಎಂದ. ಆಮೇಲೆ ಕೇಳಿದ:

"ಡ್ರಮ್ಸ್ ಯಾರು ಮಾರಾಯ? ಇಷ್ಟು ಸರಿಯಾಗಿ ಉಂಟಲ್ಲ, ಮನುಷ್ಯ ಅಲ್ಲ ಅಂತ ಕಾಣ್ತದೆ."

ನಿನ್ನ ಹೆಸರು ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಗೊತ್ತಿತ್ತು — ಆ ಮೌನ ಯಾರ ಯೋಚನೆ? ಅದಕ್ಕೆ ಉತ್ತರ ಹೇಳಿದರೆ ನನ್ನ ಕೈಯಿಂದ ಬಿದ್ದ ಪಿಕ್…

"ಮೆಷಿನ್," ಎಂದೆ. "ಒಂದೊಂದು ಪೆಟ್ಟೂ ನಾನೇ ಅದರಲ್ಲಿ ಕೂರಿಸಿದ್ದು."

ಲ್ಯಾನ್ಸಿ ನನ್ನ ಬೆನ್ನು ತಟ್ಟಿದ. ಅಂದಿನಿಂದ ಆ ಹೋಟೆಲಿನಲ್ಲಿ ನಾನು ಮೌನದ ಪಂಡಿತ. ಬಾರಿಸುವುದಕ್ಕಿಂತ ಬಾರಿಸದೆ ಇರುವುದು ದೊಡ್ಡ ವಿದ್ಯೆ ಎಂದು ಎಷ್ಟು ಭಾನುವಾರ ಭಾಷಣ ಬಿಗಿದಿದ್ದೇನೋ. ಎಲ್ಲವೂ ನಿನ್ನಿಂದ ಕದ್ದ ಮಾತು. ಹೇಳುವಾಗ ನನಗೆ ನಾಚಿಕೆಯೂ ಆಗುತ್ತಿರಲಿಲ್ಲ, ಅದು ಇನ್ನೂ ಕೆಟ್ಟದ್ದು.

ಈಗ ನೀನು ಊರಿಗೆ ಬಂದು ಬಜಪೆಯಲ್ಲಿ ಸೂಟ್‌ಕೇಸಿನ ಅಂಗಡಿ ಹಾಕಿದ್ದೀ. ಹೋದ ಭಾನುವಾರ ನಾನೇ ನಿನ್ನನ್ನು ಹೋಟೆಲಿಗೆ ಕರೆದೆ, ಹಳೆಯ ಸ್ನೇಹಿತ ಎಂದಷ್ಟೇ ಪರಿಚಯ ಮಾಡಿದೆ. ಅವತ್ತಿನ ವಾದ ಯಾವುದಾಗಬೇಕು ಹೇಳು — ಮೆಷಿನ್ ಹಿಡಿದು ಸಂಗೀತ ಮಾಡುವವರನ್ನು ಸಂಗೀತಗಾರ ಎನ್ನಬಹುದೇ ಎಂಬುದು. ಎನ್ನಬಹುದು, ಇಗೋ ಸಾಕ್ಷಿ ಎಂದು ಲ್ಯಾನ್ಸಿ ಮೂರನೆಯ ಹಾಡನ್ನೇ ಹಾಕಿದ. ಇದು ಮೆಷಿನ್ ತಾನೇ ಎಂದು ನನ್ನನ್ನೇ ಕೇಳಿದ. ನಾನು ನಿನ್ನ ಮುಖ ನೋಡಲಿಲ್ಲ. ಹೌದು ಎಂದೆ.

ನೀನು ಕೊನೆಯವರೆಗೂ ಕೇಳಿದೆ. ಮೇಜಿನ ಕೆಳಗೆ ನಿನ್ನ ಎಡಗಾಲು ತಾಳ ಹಾಕುತ್ತಿತ್ತು. ಹಾಡು ಮುಗಿದ ಮೇಲೆ ಗೋಳಿಬಜೆಯನ್ನು ಚಟ್ನಿಗೆ ಅದ್ದಿ ನಿಧಾನವಾಗಿ ಹೇಳಿದೆ:

"ಒಳ್ಳೆ ಮೆಷಿನ್ ಭಟ್ರೇ. ಕಾಯ್ಲಿಕ್ಕೂ ಗೊತ್ತುಂಟು ಅದಕ್ಕೆ."

ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನೂ ನಕ್ಕೆ.

ಅವತ್ತೂ ನೀನು ನನ್ನನ್ನು ಕಾಯುತ್ತಲೇ ಇದ್ದೆ, ನನಗೆ ಈಗ ಗೊತ್ತಾಗುತ್ತಿದೆ. ನಾನು ತಲೆಯಾಡಿಸಿ ಹೇಳಲಿ ಎಂದು ಜಾಗ ಬಿಟ್ಟುಕೊಟ್ಟೆ. ನಾನು ಹೇಳಲಿಲ್ಲ. ಮೊದಲ ಸುಳ್ಳಿಗೆ ಎಳೆಯ ಪ್ರಾಯ, ಹೆಸರಿನ ಆಸೆ ಎಂದೆಲ್ಲ ನೆಪ ತೆಗೆಯಬಹುದು. ತೆಗೆಯುವುದಿಲ್ಲ. ಹೋದ ಭಾನುವಾರ ನನಗೆ ಯಾವ ಎಳೆಯ ಪ್ರಾಯವೂ ಇರಲಿಲ್ಲ.

ಆದರೂ ಒಂದು ಹೆಮ್ಮೆಯನ್ನು ಬಿಡಲಾರೆ. ಇಷ್ಟು ವರ್ಷ ಇಷ್ಟು ಆಲ್ಬಮ್ ಕೇಳಿದ್ದೇನೆ, ದೇಶವಿದೇಶದ ದೊಡ್ಡ ದೊಡ್ಡ ಡ್ರಮ್ಮರುಗಳನ್ನು ಕೇಳಿದ್ದೇನೆ. ಪಕ್ಕದವನು ಮುಗ್ಗರಿಸಿದಾಗ ಹಾಡನ್ನೇ ಅವನಿಗಾಗಿ ನಿಲ್ಲಿಸಿಕೊಂಡು ಕೂತ ಡ್ರಮ್ಮರ್ ಅಂತ ನಾನು ಕಂಡದ್ದು ಒಬ್ಬನನ್ನೇ. ಅವನ ಜೊತೆ ನಾನು ನುಡಿಸಿದ್ದೇನೆ. ಆ ಹೆಮ್ಮೆಯಾದರೂ ನನ್ನದು, ಅದು ಕದ್ದದ್ದಲ್ಲ.

ಈ ಭಾನುವಾರ ಹೋಟೆಲಿನಲ್ಲಿ ಮೂರನೆಯ ಹಾಡನ್ನು ನಾನೇ ಹಾಕುತ್ತೇನೆ. ಆ ಜಾಗ ಬಂದಾಗ ನಿಲ್ಲಿಸಿ ಎಲ್ಲರಿಗೂ ಹೇಳುತ್ತೇನೆ — ಇಲ್ಲಿ ನನ್ನ ಪಿಕ್ ಬಿತ್ತು, ಇಲ್ಲಿ ರಜಾಕ್ ನನಗಾಗಿ ಕಾದ. ನಿನ್ನ ಕುರ್ಚಿ ಅಲ್ಲಿ ಇರುತ್ತದೆ. ನೀನು ಬರದಿದ್ದರೂ ಹೇಳುತ್ತೇನೆ.